ಬಿಲ್ಲಿನ ತಾರೀಖು, ದುಡ್ಡಿನ ತಾರೀಖು

ತಿಂಗಳಿಗೆ ಎರಡು ಲಕ್ಷ ರೂಪಾಯಿ ಬಿಲ್ಲು ಮಾಡುವ ಲೇಥ್ ಶೆಡ್ಡಿನಲ್ಲಿ ಖರ್ಚೆಲ್ಲ ಕಳೆದು ನಲವತ್ತು ಸಾವಿರ ಉಳಿಯುತ್ತದೆ ಎಂದರೆ ಯಾರಾದರೂ ಪರವಾಗಿಲ್ಲವೇ ಎನ್ನುತ್ತಾರೆ. ಅರಿಶಿನಕುಂಟೆಯಲ್ಲಿ ನಾವು ಶೆಡ್ಡು ಹಾಕಿದ ಮೊದಲ ವರ್ಷಗಳಲ್ಲಿ ನಮ್ಮ ಲೆಕ್ಕವೂ ಹೆಚ್ಚುಕಡಿಮೆ ಹೀಗೇ ಇತ್ತು. ಮೆಷಿನ್ನಿನ ಕಡೆ ನಮ್ಮ ಯಜಮಾನರು, ಪುಸ್ತಕದ ಕಡೆ ನಾನು. ಲಾಭ ಇದ್ದರೂ ಶೆಡ್ಡಿಗೆ ಬೀಗ ಬೀಳಬಹುದು ಎನ್ನುವುದು ನನಗೆ ಗೊತ್ತಾದದ್ದು ಆ ಪುಸ್ತಕದಿಂದಲೇ.

ಬಿಡಿಸಿ ಹೇಳುತ್ತೇನೆ. ಸುಲಭಕ್ಕೆ ಅಂಕಿಗಳನ್ನು ರೌಂಡ್ ಮಾಡಿದ್ದೇನೆ. ಬಿಲ್ಲು 2,00,000, ಶೇ 18 ಜಿಎಸ್‌ಟಿ ಸೇರಿ 2,36,000. ಕಬ್ಬಿಣಕ್ಕೆ ತೆರಿಗೆ ಸೇರಿ 1,06,200. ಇಬ್ಬರು ಹುಡುಗರ ಸಂಬಳ 45,000. ಬಾಡಿಗೆ, ಕರೆಂಟು 25,000. ಕಬ್ಬಿಣ ಕೊಂಡಾಗ ಕೊಟ್ಟ ತೆರಿಗೆ ಕಳೆದು ನಾವು ಕಟ್ಟಬೇಕಾದ ಜಿಎಸ್‌ಟಿ 19,800. ಒಟ್ಟು 1,96,000 ಕೈಬಿಟ್ಟು ಹೋಗುತ್ತದೆ, 40,000 ಉಳಿಯುತ್ತದೆ. ಆದರೆ ಹೋಗುವುದು ಈ ತಿಂಗಳು, ಬರುವುದು ಮೂರು ತಿಂಗಳ ಮೇಲೆ. ಪೀಣ್ಯದ ಕಡೆ ತೊಂಬತ್ತು ದಿನದ ಪೇಮೆಂಟ್ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಜಿಎಸ್‌ಟಿಯವರು ಬಿಲ್ಲಿನ ತಾರೀಖು ನೋಡುತ್ತಾರೆ, ನಿಮಗೆ ದುಡ್ಡು ಬಂತೋ ಇಲ್ಲವೋ ಕೇಳುವುದಿಲ್ಲ. ಏಪ್ರಿಲ್ ಬಿಲ್ಲಿನ ತೆರಿಗೆ ಮೇ 20ಕ್ಕೆ ಕಟ್ಟಬೇಕು, ಆ ಬಿಲ್ಲಿನ ದುಡ್ಡು ಜುಲೈಗೆ ಬರುತ್ತದೆ. ಅಷ್ಟರಲ್ಲಿ ನಮ್ಮ ಕೈಯಿಂದ ಐದೂವರೆ ಲಕ್ಷಕ್ಕೂ ಮೀರಿ ಹೊರಗೆ ಹೋಗಿರುತ್ತದೆ. ಅದನ್ನು ನೂರಕ್ಕೆ ಎರಡು ರೂಪಾಯಿ ಬಡ್ಡಿಯ ಕೈಸಾಲದಲ್ಲಿ ತೂಗಿಸಿದರೆ ತಿಂಗಳಿಗೆ ಹನ್ನೊಂದು ಸಾವಿರ ಬಡ್ಡಿಗೇ ಹೋಯಿತು. ಲಾಭದ ಕಾಲು ಭಾಗಕ್ಕಿಂತ ಹೆಚ್ಚು.

ತುಮಕೂರು ರಸ್ತೆಯಲ್ಲಿ ಶೆಡ್ಡು ಹಿಡಿಯುವವರು ಪೀಣ್ಯಕ್ಕಿಂತ ಇಲ್ಲಿ ಬಾಡಿಗೆ ಅಗ್ಗ ಎಂದು ಖುಷಿಯಾಗುತ್ತಾರೆ, ಅದು ನಿಜವೂ ಹೌದು. ಆದರೆ ಓನರಿಗೆ ಕೊಡುವ ಅಡ್ವಾನ್ಸು ಕೂಡ ಬಂಡವಾಳವೇ. ಶೆಡ್ಡು ಬಿಡುವವರೆಗೂ ಅದು ಒಂದು ಕೆಜಿ ಕಬ್ಬಿಣ ತರುವುದಿಲ್ಲ. ಮಾದಾವರದ ಬಿಐಇಸಿಯಲ್ಲಿ ಇಮ್ಟೆಕ್ಸ್ ಪ್ರದರ್ಶನ ನಡೆದಾಗ ನಾವೂ ಹೋಗುತ್ತೇವೆ, ಸಿಎನ್‌ಸಿ ಮೆಷಿನ್ನುಗಳ ಮುಂದೆ ಯಜಮಾನರ ಕಾಲು ನಿಂತುಬಿಡುತ್ತದೆ. ಆ ಆಸೆ ನನಗೂ ಅರ್ಥವಾಗುತ್ತದೆ. ಆದರೂ ಮೂರು ತಿಂಗಳ ಖರ್ಚು ಪಕ್ಕಕ್ಕಿಡದೆ ಇಎಂಐಗೆ ಸಹಿ ಹಾಕಬಾರದು ಎನ್ನುವುದರಲ್ಲಿ ನಾನು ಗಟ್ಟಿ.

ಇನ್ನು ಡಿಸಿಯ ವಿಷಯ. ಮಾಲಿನ ಜೊತೆ ಹೋಗುವ ಡೆಲಿವರಿ ಚಲನ್ನಿನ ಒಂದು ಪ್ರತಿ ಗೇಟಿನಲ್ಲಿ ಸೀಲಾಗಿ ವಾಪಸ್ ಬರುತ್ತದೆ. ಎಷ್ಟೋ ಶೆಡ್ಡುಗಳಲ್ಲಿ ಅದನ್ನು ತಂತಿಗೆ ಚುಚ್ಚಿ ಮರೆತುಬಿಡುತ್ತಾರೆ. ನಾನು ನಮ್ಮ ಆಟೋ ಹುಡುಗನಿಗೆ ಹೇಳಿಟ್ಟಿದ್ದೇನೆ, ಸೀಲಿನ ಕೆಳಗೆ ತಾರೀಖು ಇರಬೇಕು, ಮಾಲು ತಗೊಂಡವರ ಹೆಸರು ಓದುವಂತಿರಬೇಕು, ಇಲ್ಲದಿದ್ದರೆ ಗೇಟಿನಿಂದ ಕದಲಬೇಡ ಎಂದು. ಕಾರಣವಿದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಗೆ ಲಿಖಿತ ಕರಾರಿದ್ದರೂ 45 ದಿನದೊಳಗೆ, ಕರಾರು ಇಲ್ಲದಿದ್ದರೆ 15 ದಿನದೊಳಗೆ ದುಡ್ಡು ಕೊಡಬೇಕು. ಮಾಲು ತಲುಪಿ 15 ದಿನದೊಳಗೆ ಬರಹದಲ್ಲಿ ತಕರಾರು ಬರದಿದ್ದರೆ ಮಾಲನ್ನು ಒಪ್ಪಿದಂತೆಯೇ ಲೆಕ್ಕ, ದಿನ ಎಣಿಸುವುದು ತಲುಪಿದ ತಾರೀಖಿನಿಂದ. ಅವರ ಅಕೌಂಟ್ಸ್‌ನಲ್ಲಿ ಬಿಲ್ಲು ಪಾಸಾದ ತಾರೀಖಿನಿಂದಲ್ಲ. ಗಡುವು ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಇದಕ್ಕೆಲ್ಲ ಉದ್ಯಮ್ ನೋಂದಣಿ ಬೇಕು. ಅದಕ್ಕೆ ಶುಲ್ಕವಿಲ್ಲ, ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. ಮಾಲು ಕಳಿಸುವ ಮುಂಚೆಯೇ ಮಾಡಿಸಿ, ಆ ನಂಬರನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ.

ನಡೆಯುತ್ತಿರುವ ಗಿರಾಕಿಯ ಮೇಲೆ ಯಾರು ತಾನೇ ಬಾಕಿ ದುಡ್ಡಿಗಾಗಿ ಸರ್ಕಾರದ ಪೋರ್ಟಲ್ಲಿನಲ್ಲಿ ದೂರು ಕೊಡುತ್ತಾರೆ? ದೂರು ಕೊಟ್ಟ ದಿನವೇ ಆರ್ಡರ್ ನಿಲ್ಲುತ್ತದೆ ಎಂಬ ಹೆದರಿಕೆ ಸುಳ್ಳಲ್ಲ. ಹಾಗಾಗಿ ಕಾಯ್ದೆಯ ಮಾತು ಜಗಳದ ಹೊತ್ತಿನಲ್ಲಿ ಬೇಡ, ಪರ್ಚೇಸ್ ಆರ್ಡರ್ (ಪಿಒ) ಬರುವಾಗಲೇ ಆಗಲಿ ಎನ್ನುವುದು ನನ್ನ ಪಟ್ಟು. 2024ರಿಂದ ಒಂದು ಅನುಕೂಲವೂ ಆಗಿದೆ. ಆಡಿಟರುಗಳು 43ಬಿ(ಎಚ್) ಎನ್ನುವ ಆದಾಯ ತೆರಿಗೆ ನಿಯಮದಂತೆ, ನಮ್ಮಂಥ ಸಣ್ಣ ತಯಾರಕರಿಗೆ ಗಡುವಿನೊಳಗೆ ಕೊಡದೆ ಮಾರ್ಚ್ 31ಕ್ಕೂ ಬಾಕಿ ಉಳಿಸಿದ ಮೊತ್ತವನ್ನು ಕಂಪನಿಯವರು ಆ ವರ್ಷದ ಖರ್ಚಿನಲ್ಲಿ ತೋರಿಸುವಂತಿಲ್ಲ, ಅದರ ಮೇಲೂ ತೆರಿಗೆ ಕಟ್ಟಬೇಕಾಗುತ್ತದೆ. ಬರೀ ವ್ಯಾಪಾರ ಮಾಡುವವರಿಗೆ ಈ ರಕ್ಷಣೆ ಇಲ್ಲ.

ಬ್ಯಾಂಕಿಗೆ ಹೋಗಲು ಹಿಂಜರಿಯುವುದೂ ತಪ್ಪು. ಸಣ್ಣ ಉದ್ದಿಮೆಗೆ ವರ್ಷದ ಅಂದಾಜು ವಹಿವಾಟಿನ ಶೇ 20ರಷ್ಟು ದುಡಿಮೆ ಬಂಡವಾಳ ಕೊಡುವ ಪದ್ಧತಿ ಬ್ಯಾಂಕುಗಳಲ್ಲಿದೆ. 24 ಲಕ್ಷದ ವಹಿವಾಟಿಗೆ 4,80,000. ಹತ್ತು ಲಕ್ಷದವರೆಗಿನ ಸಾಲಕ್ಕೆ ಆಸ್ತಿ ಅಡ ಕೇಳಬಾರದೆಂದು ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ಕೈಸಾಲದ ಬಡ್ಡಿಯ ಮುಂದೆ ಕ್ಯಾಶ್ ಕ್ರೆಡಿಟ್ (ಸಿಸಿ) ಖಾತೆಯ ಬಡ್ಡಿ ಎಷ್ಟೋ ಹಗುರ. ಆದರೂ ಐದೂವರೆ ಲಕ್ಷ ಸಿಕ್ಕಿಕೊಂಡ ಕಡೆ 4,80,000 ಸಾಲದು ಎನ್ನುವುದನ್ನು ನೋಡಿ.

ದಾಬಸ್‌ಪೇಟೆ ಕಡೆಯ ಒಂದು ಕಂಪನಿ ನಮ್ಮ ಕೆಲಸ ಮೆಚ್ಚಿ ಎರಡರಷ್ಟು ಆರ್ಡರ್ ಕೊಡುತ್ತೇವೆ ಎಂದಿತು. ತೊಂಬತ್ತು ದಿನದ ಪೇಮೆಂಟ್.

“ಈ ಆರ್ಡರ್ ಬಿಟ್ರೆ ಮತ್ತೆ ಸಿಗಲ್ಲ ಕಣೇ,” ಎಂದರು ಯಜಮಾನರು.

“ಬಿಡೋದ್ಯಾಕ್ರೀ? ಕಬ್ಬಿಣ ಅವರೇ ಕೊಡಲಿ, ನಾವು ಕೂಲಿ ತಗೊಳ್ಳೋಣ. ನಲವತ್ತೈದು ದಿನಕ್ಕೆ ದುಡ್ಡು ಕೊಡಲಿ,” ಎಂದೆ.

ನಮ್ಮ ಖರ್ಚಿನ ಅರ್ಧಕ್ಕಿಂತ ಹೆಚ್ಚು ಕಬ್ಬಿಣವೇ. ಅದು ಅವರದಾದರೆ ಬಿಲ್ಲಿನ ಮೊತ್ತ ಇಳಿಯುತ್ತದೆ, ಕೂಲಿಯ ಲಾಭ ಹಾಗೇ ಇರುತ್ತದೆ, ಹೊರಗೆ ಸಿಕ್ಕಿಕೊಳ್ಳುವ ದುಡ್ಡು ತೀರಾ ಕಡಿಮೆ. ವಹಿವಾಟು ಸಣ್ಣದಾಗಿ ಕಾಣುತ್ತದೆ, ಸಿಸಿ ಲಿಮಿಟ್ಟೂ ಕುಗ್ಗುತ್ತದೆ, ಅದನ್ನು ತಿಳಿದೇ ಒಪ್ಪಿದೆವು. ಅವರೂ ಒಂದೆರಡು ಸುತ್ತು ಮಾತಾಡಿ ಒಪ್ಪಿದರು. ಕಬ್ಬಿಣ ಅವರ ಚಲನ್ನಿನ ಮೇಲೆ ಬರುತ್ತದೆ, ರಿಜೆಕ್ಷನ್ ಎಷ್ಟರವರೆಗೆ ಒಪ್ಪಿಗೆ, ಸ್ಕ್ರ್ಯಾಪ್ ಯಾರಿಗೆ ಎನ್ನುವುದನ್ನೂ ಪಿಒದಲ್ಲೇ ಬರೆಸಿಕೊಂಡೆವು.