ಜಲಜನಕದ ಜಮಾಖರ್ಚು

ನೀರಿನ ಪ್ರತಿಯೊಂದು ಹನಿಯಲ್ಲಿಯೂ ಅಡಗಿರುವ ಅನಿಲವೊಂದುಂಟು. ಅದನ್ನು ಉರಿಸಿದರೆ ಮಸಿಯಾಗಲಿ ಬೂದಿಯಾಗಲಿ ಉಳಿಯುವುದಿಲ್ಲ. ಮತ್ತೆ ನೀರೇ ಹುಟ್ಟುತ್ತದೆ. 1766ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಷನು ಇದನ್ನು ಬೇರೆಯೇ ಆದ ಅನಿಲವೆಂದು ಗುರುತಿಸಿದನು. ನೀರನ್ನು ಹುಟ್ಟಿಸುವುದು ಎಂಬ ಅರ್ಥದಲ್ಲಿ ಫ್ರಾನ್ಸಿನ ಲವಾಸಿಯೆ ಇದಕ್ಕೆ ಹೈಡ್ರೋಜನ್ ಎಂದು ಹೆಸರಿಟ್ಟನು. ಅದೇ ನಮ್ಮ ಜಲಜನಕ. ತೂಕಕ್ಕೆ ತೂಕ ಹೋಲಿಸಿದರೆ ಇದು ಪೆಟ್ರೋಲಿನ ಎರಡೂವರೆ ಪಟ್ಟಿಗಿಂತ ಹೆಚ್ಚು ಶಾಖವನ್ನು ಕೊಡುತ್ತದೆ. ಇಷ್ಟೆಲ್ಲ ಗುಣಗಳಿದ್ದರೂ ನಮ್ಮ ವಾಹನಗಳೂ ಒಲೆಗಳೂ ಇನ್ನೂ ಜಲಜನಕದಿಂದ ಉರಿಯುತ್ತಿಲ್ಲವೇಕೆ?

ಮೊದಲು ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಕಲ್ಲಿದ್ದಲಿನಂತೆ ಜಲಜನಕವನ್ನು ಬೇಕಾದಷ್ಟು ಅಗೆದು ತೆಗೆಯಲಾಗುವುದಿಲ್ಲ. ಭೂಮಿಯ ಮೇಲೆ ಅದು ಬಹುಮಟ್ಟಿಗೆ ಬೇರೆ ಧಾತುಗಳೊಡನೆ ಬೆಸೆದುಕೊಂಡೇ ಇರುತ್ತದೆ. ಆ ಬೆಸುಗೆಯನ್ನು ಬಿಡಿಸಲು ಶಕ್ತಿಯನ್ನು ವ್ಯಯಿಸಬೇಕು. ಆದುದರಿಂದ ಅದು ಶಕ್ತಿಯ ಮೂಲವಲ್ಲ, ಶಕ್ತಿಯ ವಾಹಕ. ಕೋಲಾರದ ಜನರಿಗೆ ಇಂಥ ವಾಹಕದ ಪರಿಚಯ ಹಳೆಯದು. 1902ರಲ್ಲಿ ಶಿವನಸಮುದ್ರದ ಜಲಪಾತದ ಶಕ್ತಿಯು ಸುಮಾರು 92 ಮೈಲಿ ದೂರ ತಂತಿಯ ಮೂಲಕ ಹರಿದು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. ಶಕ್ತಿ ಹುಟ್ಟಿದ್ದು ಕಾವೇರಿಯಲ್ಲಿ. ತಂತಿ ಅದನ್ನು ಹೊತ್ತು ತಂದಿತು, ಅಷ್ಟೆ. ಜಲಜನಕದ ಕೆಲಸವೂ ಇಂಥದೇ. ಆದರೆ ಹೊರುವ ಕೂಲಿ ಎಷ್ಟೆಂಬುದನ್ನು ನಾವು ಲೆಕ್ಕ ಹಾಕಬೇಕು.

ಇಂದು ಜಗತ್ತಿನಲ್ಲಿ ತಯಾರಾಗುವ ಜಲಜನಕದ ಬಹುಪಾಲು ನೈಸರ್ಗಿಕ ಅನಿಲದಿಂದಲೂ ಕಲ್ಲಿದ್ದಲಿನಿಂದಲೂ ಬರುತ್ತದೆ. ನೈಸರ್ಗಿಕ ಅನಿಲದಿಂದ ಒಂದು ಕಿಲೋಗ್ರಾಂ ಜಲಜನಕವನ್ನು ಪಡೆಯುವಾಗ ಸುಮಾರು 10 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಉರಿಯುವಲ್ಲಿ ಹೊಗೆಯಿಲ್ಲ, ಹುಟ್ಟಿದಲ್ಲಿ ಹೊಗೆಯುಂಟು. ಇದನ್ನು ತಪ್ಪಿಸಬೇಕಾದರೆ ಬಿಸಿಲಿನ ಅಥವಾ ಗಾಳಿಯ ವಿದ್ಯುತ್ತನ್ನು ನೀರಿನಲ್ಲಿ ಹಾಯಿಸಿ ಅದನ್ನು ಜಲಜನಕವಾಗಿಯೂ ಆಮ್ಲಜನಕವಾಗಿಯೂ ಒಡೆಯಬೇಕು. ಈ ಕ್ರಿಯೆಗೆ ವಿದ್ಯುದ್ವಿಭಜನೆ ಎಂದು ಹೆಸರು.

ಕೋಲಾರ ತಾಲ್ಲೂಕಿನ ಹೋಳೂರಿನಲ್ಲಿ ಇಂಥದೊಂದು ಘಟಕವನ್ನು ಸ್ಥಾಪಿಸಿದರೆಂದು ಊಹಿಸೋಣ. ವರ್ಷವಿಡೀ ಹರಿಯುವ ನದಿಯಿಲ್ಲದ, ಸಾವಿರ ಅಡಿಗೂ ಮೀರಿ ಕೊಳವೆಬಾವಿ ಕೊರೆಯುವ ಸೀಮೆ ಇದು. ನೀರೇ ಮೊದಲ ಅಡ್ಡಿಯೆಂದು ಯಾರಿಗಾದರೂ ತೋರುವುದು ಸಹಜ. ಲೆಕ್ಕ ಬೇರೆಯೇ ಹೇಳುತ್ತದೆ. ಒಂದು ಕಿಲೋಗ್ರಾಂ ಜಲಜನಕಕ್ಕೆ ಒಡೆಯಬೇಕಾದುದು 9 ಲೀಟರು ನೀರು, ಒಂದು ಬಿಂದಿಗೆಯಷ್ಟು. ಶುದ್ಧೀಕರಣ, ತಂಪು ಮಾಡುವಿಕೆ ಎಲ್ಲ ಸೇರಿದರೆ ಎರಡು ಮೂರು ಬಿಂದಿಗೆಯಾದೀತು. ಆದರೆ ಆ ನೀರಿನಲ್ಲಿ ಲವಣಗಳು ಇರಕೂಡದು. ಕೋಲಾರ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚಾಗಿದ್ದು, ಊರಿನ ಶುದ್ಧ ನೀರಿನ ಘಟಕದಲ್ಲಿ ಸೋಸಿದ ಮೇಲೆಯೇ ಜನ ಕುಡಿಯುತ್ತಾರೆ. ಆ ಸೋಸಿದ ನೀರಿಗಿಂತಲೂ ಶುದ್ಧವಾದ ನೀರು ಈ ಯಂತ್ರಕ್ಕೆ ಬೇಕು.

ನಿಜವಾದ ಅಡ್ಡಿಯಿರುವುದು ವಿದ್ಯುತ್ತಿನಲ್ಲಿ. ಒಂದು ಕಿಲೋಗ್ರಾಂ ಜಲಜನಕ ತಯಾರಿಸಲು ಸುಮಾರು 50 ಯೂನಿಟ್ಟು ವಿದ್ಯುತ್ತು ಬೇಕು. ಅದನ್ನು ಒತ್ತಿ ಸಿಲಿಂಡರಿಗೆ ತುಂಬಲು ಇನ್ನೂ ಮೂರು. ಹೀಗೆ 53 ಯೂನಿಟ್ಟು ಖರ್ಚಾಯಿತು. ಆ ಜಲಜನಕದಲ್ಲಿ ಇರುವ ಶಕ್ತಿ 33 ಯೂನಿಟ್ಟು. ಇಂಧನಕೋಶದ ಮೂಲಕ ಅದನ್ನು ಮರಳಿ ವಿದ್ಯುತ್ತಾಗಿಸಿದರೆ ಅರ್ಧದಷ್ಟು, ಎಂದರೆ ಸುಮಾರು 16 ಯೂನಿಟ್ಟು ಕೈಗೆ ಸಿಗುತ್ತದೆ. 10 ಅಶ್ವಶಕ್ತಿಯ ಪಂಪು ಗಂಟೆಗೆ 8 ಯೂನಿಟ್ಟು ನುಂಗುವುದೆಂದು ಇಟ್ಟುಕೊಂಡರೆ, ಅದೇ 53 ಯೂನಿಟ್ಟಿನಿಂದ ನೇರವಾಗಿ ಆರೂವರೆ ಗಂಟೆ ನೀರೆತ್ತಬಹುದು. ಜಲಜನಕದ ಸುತ್ತುದಾರಿ ಹಿಡಿದರೆ ಎರಡೇ ಗಂಟೆ. ಒಣಗುತ್ತಿರುವ ಟೊಮ್ಯಾಟೊ ತೋಟದ ರೈತನಿಗೆ ಈ ವ್ಯತ್ಯಾಸ ಅಲ್ಪವಾದುದಲ್ಲ.

ಶೇಖರಣೆಯ ಕಷ್ಟ ಇನ್ನೊಂದು. ಸಾಧಾರಣ ಒತ್ತಡದಲ್ಲಿ ಒಂದು ಕಿಲೋಗ್ರಾಂ ಜಲಜನಕ ಸುಮಾರು 12 ಘನಮೀಟರು ಜಾಗವನ್ನು ಆಕ್ರಮಿಸುತ್ತದೆ. ಒಂದು ಸಣ್ಣ ಕೋಣೆಯ ಅರ್ಧದಷ್ಟು. ವಾಹನದಲ್ಲಿ ಒಯ್ಯಲು ಅದನ್ನು ವಾಯುಮಂಡಲದ ಒತ್ತಡದ 350ರಿಂದ 700ರಷ್ಟು ಪಟ್ಟು ಒತ್ತಬೇಕು. ಇಲ್ಲವೆ ಸೊನ್ನೆಗಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ತಣಿಸಿ ದ್ರವವಾಗಿಸಬೇಕು. ಅತಿ ಸಣ್ಣ ಅಣುವಾದುದರಿಂದ ಸಣ್ಣ ಸಂದುಗಳಲ್ಲಿಯೂ ಅದು ಸೋರುತ್ತದೆ. ಕೆಲವು ಬಗೆಯ ಉಕ್ಕಿನೊಳಕ್ಕೆ ಹೊಕ್ಕು ಅದನ್ನು ಪೆಡಸಾಗಿಸಿ ಬಿರುಕು ಬಿಡಿಸುತ್ತದೆ. ಗಾಳಿಯಲ್ಲಿ ನೂರಕ್ಕೆ 4ರಿಂದ 75 ಪಾಲಿನವರೆಗೆ ಬೆರೆತಿದ್ದರೆ ಕಿಡಿ ತಾಗಿದೊಡನೆ ಹತ್ತಿಕೊಳ್ಳುತ್ತದೆ. ವಾಸನೆಯಿಲ್ಲ, ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೂ ಕಷ್ಟ. ಹಗುರವಾದುದರಿಂದ ಬಯಲಿನಲ್ಲಿ ಬೇಗನೆ ಮೇಲೇರಿ ಚದುರುತ್ತದೆ ಎಂಬುದೊಂದು ಸಮಾಧಾನ. ಮುಚ್ಚಿದ ಕೋಣೆಯಲ್ಲಿ ಆ ಸಮಾಧಾನವೂ ಇಲ್ಲ.

ಜಲಜನಕವನ್ನು ಪಡೆಯಲು ಬೇರೊಂದು ದಾರಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ತೋರಿಸಿದ್ದಾರೆ. ಪ್ರೊ. ಎಸ್. ದಾಸಪ್ಪನವರ ತಂಡದ ಈ ವಿಧಾನ 2022ರಲ್ಲಿ ಪ್ರಕಟವಾಯಿತು. ಇದರಲ್ಲಿ ಕಟ್ಟಿಗೆಯಂಥ ಸಸ್ಯವಸ್ತುವನ್ನು ಆಮ್ಲಜನಕ ಮತ್ತು ನೀರಿನ ಹಬೆಯೊಡನೆ ಕಾಯಿಸಿ ಅನಿಲವಾಗಿಸುತ್ತಾರೆ. ಒಂದು ಕಿಲೋಗ್ರಾಂ ಸಸ್ಯವಸ್ತುವಿನಲ್ಲಿರುವ ಜಲಜನಕ 60 ಗ್ರಾಂ ಮಾತ್ರ. ದೊರೆಯುವುದು 100 ಗ್ರಾಂ. ಮಿಕ್ಕುದನ್ನು ಹಬೆ ಒದಗಿಸುತ್ತದೆ. ರೇಷ್ಮೆಗೆ ಹೆಸರಾದ ಕೋಲಾರದಲ್ಲಿ ಹುಳುಗಳು ಎಲೆ ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯುಂಟು. ಶ್ರೀನಿವಾಸಪುರದ ಮಾವಿನ ತೋಪುಗಳಲ್ಲಿ ಸವರಿದ ಕೊಂಬೆಯುಂಟು. ಆದರೆ ಕಡ್ಡಿಯೆಲ್ಲವೂ ಕಸವಲ್ಲ. ಕೆಲವು ಮನೆಗಳ ಒಲೆಗೆ ಅದೇ ಸೌದೆ. ಕೊಳೆತರೆ ಹೊಲಕ್ಕೆ ಗೊಬ್ಬರ. ಅದನ್ನು ಕೂಡಿಸಿ, ಒಣಗಿಸಿ, ಸಾಗಿಸುವ ಖರ್ಚನ್ನೂ ಲೆಕ್ಕದಲ್ಲಿ ಬರೆದುಕೊಳ್ಳಬೇಕು.

ಹಾಗಾದರೆ ಜಲಜನಕ ನಿರುಪಯುಕ್ತವೆ? ಖಂಡಿತ ಅಲ್ಲ. ಹೋಳೂರಿನ ಹೊಲಗಳಿಗೆ ಅದು ಈಗಾಗಲೇ ಬಂದಿದೆ, ಯೂರಿಯಾದ ರೂಪದಲ್ಲಿ. ಯೂರಿಯಾ ತಯಾರಾಗುವುದು ಅಮೋನಿಯಾದಿಂದ. ಅಮೋನಿಯಾ ತಯಾರಾಗುವುದು ಸಾರಜನಕ ಮತ್ತು ಜಲಜನಕಗಳಿಂದ. ಅಲ್ಲಿ ಜಲಜನಕದ ಬದಲಿಗೆ ತಂತಿಯ ವಿದ್ಯುತ್ತು ಸಲ್ಲದು. ಕಬ್ಬಿಣದ ಅದಿರಿನಿಂದ ಆಮ್ಲಜನಕವನ್ನು ಕಳೆಯುವುದಕ್ಕೂ ಇದ್ದಲಿನ ಸ್ಥಾನದಲ್ಲಿ ಜಲಜನಕವನ್ನು ಬಳಸಬಹುದು. 2023ರ ಜನವರಿಯಲ್ಲಿ ಭಾರತ ಸರಕಾರ ಒಪ್ಪಿದ ರಾಷ್ಟ್ರೀಯ ಹಸಿರು ಜಲಜನಕ ಯೋಜನೆಯು 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ನು ತಯಾರಿಕೆಯ ಗುರಿಯನ್ನು ಇಟ್ಟುಕೊಂಡಿದೆ. ಇಂಥ ಬಳಕೆಗಳಿಗೆ ಅದರಲ್ಲಿ ಮೊದಲ ಪಾಲು ಸಲ್ಲುವುದು ನ್ಯಾಯ.

ತಂತಿ ತಲುಪುವಲ್ಲಿ ವಿದ್ಯುತ್ತನ್ನು ನೇರವಾಗಿ ಬಳಸುವುದು ಮೇಲು. ವಿದ್ಯುತ್ತು ಮಾಡಲಾರದ ಕೆಲಸಕ್ಕೆ ಜಲಜನಕ ಮೇಲು. ಹೊಸ ಇಂಧನವೊಂದರ ಸುದ್ದಿ ಬಂದಾಗ ವಿದ್ಯಾರ್ಥಿಗಳು ಮೂರು ಪ್ರಶ್ನೆಗಳನ್ನು ಕೇಳಿ ನೋಡಲಿ: ಇದು ಯಾವುದರಿಂದ ಹುಟ್ಟಿತು? ಇದಕ್ಕೆ ತೆತ್ತ ಶಕ್ತಿ ಎಷ್ಟು? ಮರಳಿ ಬಂದುದೆಷ್ಟು?