ಕಾಮಾಲೆ ಇಳಿದರೆ ಸಾಲದು, ಲಿವರ್ ನೋಡಿಸಿ

ಶಿವಮೊಗ್ಗದ ವಿನೋಬನಗರದಲ್ಲಿರಿ, ಭದ್ರಾವತಿಯ ಪೇಪರ್ ಟೌನ್‌ನಲ್ಲಿರಿ, ಮೊಣಕಾಲು ನೋವಿಗೆ ಕೊಡುವ ಗಮನದ ಕಾಲುಭಾಗವನ್ನೂ ನೀವು ಲಿವರ್‌ಗೆ ಕೊಡುವುದಿಲ್ಲ. ಅದು ನೋಯುವುದಿಲ್ಲವಲ್ಲ, ಅದಕ್ಕೆ. ಬಹಳಷ್ಟು ಕೆಡುವವರೆಗೂ ಸುಮ್ಮನೆ ದುಡಿಯುತ್ತಿರುತ್ತದೆ.

ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಸಾಮಾನ್ಯವಾಗಿ ಒಂದೋ ಲಿವರ್ ಕೋಶದ್ದು, ಇಲ್ಲವೇ ಪಿತ್ತನಾಳದ್ದು. ಅಪರೂಪಕ್ಕೆ ಎರಡೂ ಒಂದೇ ಗಡ್ಡೆಯಲ್ಲಿ ಬೆರೆತಿರುತ್ತವೆ. ಬಹುತೇಕ ಲೆಕ್ಕಗಳಲ್ಲಿ ಈ ಮಿಶ್ರ ಬಗೆ ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 5ರ ಒಳಗೇ. ಆಲೆನ್ ಮತ್ತು ಲೀಸಾ ಎಂಬ ವೈದ್ಯರು 1949ರಲ್ಲೇ ಇದನ್ನು ವಿಂಗಡಿಸಿ ಬರೆದಿದ್ದರು. ಹುಟ್ಟುವ ಬಗೆಯ ಬಗ್ಗೆ ಮಾತ್ರ ವಾದ ಮುಗಿದಿಲ್ಲ. ಎರಡು ಕಡೆಗೂ ಬೆಳೆಯಬಲ್ಲ ಮೂಲಕೋಶ ದಾರಿ ತಪ್ಪುತ್ತದೆ ಎನ್ನುವವರಿದ್ದಾರೆ, ಬೆಳೆದ ಕೋಶವೇ ಗುಣ ಬದಲಿಸುತ್ತದೆ ಎನ್ನುವವರೂ ಇದ್ದಾರೆ. ಅದು ಪಂಡಿತರಿಗಿರಲಿ. ನೀವು ತಿಳಿಯಬೇಕಾದ್ದು ಇಷ್ಟು: ವರ್ಷಗಟ್ಟಲೆ ಪೆಟ್ಟು ತಿಂದ ಲಿವರ್‌ನಲ್ಲಿ ಇದರ ಅಪಾಯ ಹೆಚ್ಚು. ಆ ಪೆಟ್ಟು ಹೆಪಟೈಟಿಸ್ ಬಿ, ಸಿ ವೈರಸ್‌ಗಳದ್ದು, ಕುಡಿತದ್ದು, ಕೊಬ್ಬು ತುಂಬಿದ ಲಿವರ್‌ನದ್ದು. ಇವೊಂದೂ ಇಲ್ಲದವರಿಗೂ ಬರುತ್ತದೆ. ಆದ್ದರಿಂದ ಲಿವರ್ ಕಾಯಿಲೆ ಎಂದೊಡನೆ ‘ಕುಡಿತಾನೇನೋ’ ಎಂದು ಪಿಸುಗುಟ್ಟಬೇಡಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಕಾಮಾಲೆ ಎಂದ ಮೇಲೆ ನಿಮ್ಮನ್ನು ಬೈಯಲೇಬೇಕು. ಕಣ್ಣು ಹಳದಿಯಾದರೆ ಸೊಪ್ಪಿನ ರಸ, ಉಪ್ಪಿಲ್ಲದ ಪಥ್ಯ. ಕಣ್ಣು ತಿಳಿಯಾದರೆ ‘ವಾಸಿಯಾಯ್ತು’. ಎ ಮತ್ತು ಇ ವೈರಸ್‌ಗಳ ಕಾಮಾಲೆ ಬಹುಪಾಲು ತಾನಾಗಿಯೇ ಹೋಗುತ್ತದೆ, ಹೆಸರು ಸೊಪ್ಪಿಗೆ ಬರುತ್ತದೆ. ಬಿ ಅಥವಾ ಸಿ ಆಗಿದ್ದರೆ ಕಣ್ಣು ತಿಳಿಯಾದ ಮೇಲೂ ಒಳಗೇ ಕೂತಿರಬಹುದು. ರಕ್ತಪರೀಕ್ಷೆ ಮಾಡಿಸದೆ ಅದು ಗೊತ್ತಾಗುವುದಿಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧಿಯೂ ಉಚಿತ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ. ಸಿ ವೈರಸ್ ಹೆಚ್ಚಿನವರಲ್ಲಿ 12 ವಾರದ ಮಾತ್ರೆಗೆ ಹೋಗುತ್ತದೆ, ಬಿ ವೈರಸ್ಸನ್ನು ಹತೋಟಿಯಲ್ಲಿ ಇಡಬಹುದು. ಮನೆಯಲ್ಲಿ ಹೆರಿಗೆಯಾದರೆ ಮಗುವಿಗೆ 24 ಗಂಟೆಯೊಳಗೆ ಬಿ ಲಸಿಕೆ ಬಿತ್ತೇ ಎಂದು ಅಜ್ಜಿಯರೇ ಕೇಳಿ, ಬಾಣಂತಿ ಕೇಳುವ ಸ್ಥಿತಿಯಲ್ಲಿರುವುದಿಲ್ಲ.

ಕೋವಿಡ್ ಕಾಲದಲ್ಲಿ ಕಲಿತ ಅಮೃತಬಳ್ಳಿ ಕಷಾಯವನ್ನು ಇನ್ನೂ ದಿನಾ ಕುಡಿಯುವವರಿದ್ದೀರಿ. ಅದರಿಂದ ಲಿವರ್ ಕೆಟ್ಟ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ವರದಿ ಮಾಡಿದ್ದಾರೆ. ಅತಿಯಾದರೆ ಅಮೃತವೂ ವಿಷ. ಮಳೆಗಾಲದಲ್ಲಿ ಬೂಷ್ಟು ಹಿಡಿದ ಶೇಂಗಾವನ್ನು ‘ಹುರಿದರಾಯ್ತು’ ಎಂದು ಡಬ್ಬಿಗೆ ತುಂಬಬೇಡಿ. ಅದರ ವಿಷ ಹುರಿದರೆ ಪೂರ್ತಿ ಹೋಗುವುದಿಲ್ಲ, ಲಿವರ್‌ಗೆ ಒಳ್ಳೆಯದೂ ಅಲ್ಲ. ಚೆಲ್ಲಿಬಿಡಿ.

ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಗಂಟುಗಟ್ಟಿದ ಸ್ಥಿತಿ, ಇದ್ದವರು 6 ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿಸಬಾರದು. ‘ಹಬ್ಬ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ’ ಎಂದರೆ ಗಡ್ಡೆ ಕಾಯುವುದಿಲ್ಲ.

ಗಡ್ಡೆ ಕಂಡಿತೆನ್ನಿ. ಲಿವರ್ ಕೋಶದ ಕಡೆ ಬೆರಳು ತೋರುವ ಎಎಫ್‌ಪಿ, ಪಿತ್ತನಾಳದ ಕಡೆ ತೋರುವ ಸಿಎ 19-9 ಎಂಬ ಎರಡು ರಕ್ತಪರೀಕ್ಷೆಗಳಿವೆ. ಎರಡೂ ಏರಿದ್ದರೆ, ಅಥವಾ ಸ್ಕ್ಯಾನ್ ಒಂದು ಹೇಳಿ ರಕ್ತ ಇನ್ನೊಂದು ಹೇಳಿದರೆ, ‘ಮಿಶ್ರ ಬಗೆಯೇ?’ ಎಂದು ಸಂಕೋಚಪಡದೆ ಕೇಳಿ. ಬಯಾಪ್ಸಿ ಸೂಜಿ ಗಡ್ಡೆಯ ಒಂದು ಮೂಲೆಯನ್ನಷ್ಟೇ ಚುಚ್ಚಿರಬಹುದು. ಕತ್ತರಿಸಿ ತೆಗೆದ ಮೇಲೆ ಗೊತ್ತಾಗುವುದೂ ಉಂಟು.

ಮುಂದೇನು ಎಂಬುದನ್ನು ಮುಚ್ಚಿಡುವುದಿಲ್ಲ. ಬರೀ ಲಿವರ್ ಕೋಶದ ಕ್ಯಾನ್ಸರ್‌ಗಿಂತ ಈ ಮಿಶ್ರ ಬಗೆ ಸಾಮಾನ್ಯವಾಗಿ ಕಠಿಣ, ಮರಳಿ ಬರುವುದೂ ಹೆಚ್ಚು. ಅಪರೂಪದ್ದಾದ್ದರಿಂದ ಇದಕ್ಕೇ ಎಂದು ಗಟ್ಟಿಯಾಗಿ ಒರೆಹಚ್ಚಿದ ಔಷಧಿಯೂ ಇಲ್ಲ. ಬೇಗ ಕಂಡು, ಪೂರ್ತಿ ಕತ್ತರಿಸಿ ತೆಗೆಯಲು ಸಾಧ್ಯವಾದವರಿಗೆ ಹೆಚ್ಚು ಭರವಸೆಯಿದೆ. ಕತ್ತರಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎನ್ನುವ ನೆಂಟರ ಮಾತಿಗೆ ಕಿವಿಗೊಡಬೇಡಿ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಬೇರೆಡೆಗೋ ಹೊರಟರೆ ರಿಪೋರ್ಟ್ ಒಂದನ್ನೇ ಕಂಕುಳಲ್ಲಿ ಇಟ್ಟುಕೊಂಡು ರೈಲು ಹತ್ತಬೇಡಿ. ಬಯಾಪ್ಸಿಯ ಗಾಜಿನ ಸ್ಲೈಡು, ಮೇಣದ ಬ್ಲಾಕು, ಸ್ಕ್ಯಾನಿನ ಸಿಡಿ, ಆಯುಷ್ಮಾನ್ ಕಾರ್ಡು ಎಲ್ಲವೂ ಜೊತೆಗಿರಲಿ. ಸ್ಲೈಡು, ಬ್ಲಾಕು ಲ್ಯಾಬಿನಲ್ಲೇ ಉಳಿದಿರುತ್ತವೆ, ಹೊರಡುವ ಮೊದಲೇ ಹೋಗಿ ಕೇಳಿ ತೆಗೆದುಕೊಳ್ಳಿ.