ಟೆನಿಸ್ಸಿನ ವರ್ಷಾಂತ್ಯ ಪಂದ್ಯಾವಳಿ: ಸೋಲಿನ ಲೆಕ್ಕ

ಟೆನಿಸ್ ಆಟದಲ್ಲಿ ಸೋಲೆಂದರೆ ಸಾಮಾನ್ಯವಾಗಿ ನಿರ್ಗಮನ. ವಿಂಬಲ್ಡನ್ನಿನಲ್ಲಿ ಮೊದಲ ದಿನವೇ ಸೋತವನು ಎಂತಹ ಪ್ರಸಿದ್ಧ ಆಟಗಾರನಾಗಿದ್ದರೂ ಗಂಟುಮೂಟೆ ಕಟ್ಟಲೇಬೇಕು. ಈ ಕಟ್ಟುನಿಟ್ಟಿಗೆ ಹೊರತಾದ ಒಂದು ದೊಡ್ಡ ಪಂದ್ಯಾವಳಿಯುಂಟು. ವೃತ್ತಿಪರ ಪುರುಷ ಆಟಗಾರರ ಸಂಸ್ಥೆಯಾದ ಎ.ಟಿ.ಪಿ.ಯು ವರ್ಷದ ಕೊನೆಗೆ, ನವೆಂಬರಿನಲ್ಲಿ, ಅದನ್ನು ನಡೆಸುತ್ತದೆ. ಆ ವರ್ಷವೆಲ್ಲ ಹೆಚ್ಚು ಅಂಕ ಗಳಿಸಿದ ಎಂಟು ಮಂದಿಗೆ ಮಾತ್ರ ಏಕವ್ಯಕ್ತಿ ವಿಭಾಗದಲ್ಲಿ ಪ್ರವೇಶ. ಅಲ್ಲಿ ಒಮ್ಮೆ ಸೋತವನೂ ಪ್ರಶಸ್ತಿ ಪಡೆಯಬಹುದು. ಈ ಔದಾರ್ಯದಿಂದ ಆಟಕ್ಕೆ ಹಿತವಾಯಿತೇ, ಕೇಡಾಯಿತೇ ಎಂಬುದನ್ನು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಇಲ್ಲಿ ವಿಚಾರಿಸಬಯಸುತ್ತೇನೆ. ಟೆನಿಸ್ ಆಡಿ ಅಭ್ಯಾಸವಿಲ್ಲದ ವಾಚಕರು ಹೆದರಬೇಕಾಗಿಲ್ಲ. ಶೇಕಡಾ ಲೆಕ್ಕ ಬಂದರೆ ಸಾಕು.

ಈ ಪಂದ್ಯಾವಳಿ ಮೊದಲು ನಡೆದದ್ದು 1970ರಲ್ಲಿ, ಜಪಾನಿನ ಟೋಕಿಯೋ ನಗರದಲ್ಲಿ. ಆಗ ಇದ್ದವರು ಆರೇ ಮಂದಿ. ಪ್ರತಿಯೊಬ್ಬನೂ ಉಳಿದ ಐವರೊಡನೆ ಆಡಿದನು. ಅಮೆರಿಕದ ಸ್ಟಾನ್ ಸ್ಮಿತ್ ಮತ್ತು ಆಸ್ಟ್ರೇಲಿಯದ ರಾಡ್ ಲೇವರ್ ಇಬ್ಬರೂ ನಾಲ್ಕು ಪಂದ್ಯ ಗೆದ್ದು ಒಂದರಲ್ಲಿ ಸೋತಿದ್ದರು. ಸ್ಮಿತ್ ಅವರು ಲೇವರ್ ಅವರನ್ನು ಸೋಲಿಸಿದ್ದರಿಂದ ಪ್ರಶಸ್ತಿ ಸ್ಮಿತ್ ಅವರದಾಯಿತು. ಅಂದರೆ ಮೊದಲ ವಿಜೇತನೇ ಒಮ್ಮೆ ಸೋತವನು! ಮುಂದೆ ಈ ಪಂದ್ಯಾವಳಿ ಊರೂರು ಅಲೆಯಿತು. ಬಹುಕಾಲ ನ್ಯೂಯಾರ್ಕಿನಲ್ಲಿ ನಿಂತಿತು. 1990ರಲ್ಲಿ ಎ.ಟಿ.ಪಿ.ಯ ಕೈಗೆ ಬಂದು ಜರ್ಮನಿಗೆ ಹೋಯಿತು. 2009ರಿಂದ 2020ರವರೆಗೆ ಲಂಡನ್ನಿನಲ್ಲಿ ನಡೆದು 2021ರಲ್ಲಿ ಇಟಲಿಯ ಟ್ಯೂರಿನ್ ನಗರಕ್ಕೆ ಬಂದಿತು. (ಜೋಡಿ ಆಟಗಾರರಿಗೂ ಇಲ್ಲಿ ಪಂದ್ಯಗಳುಂಟು. ನಮ್ಮ ಕೊಡಗಿನ ರೋಹನ್ ಬೋಪಣ್ಣನವರು 2012ರಲ್ಲಿ ಮತ್ತು 2015ರಲ್ಲಿ ಲಂಡನ್ನಿನ ಫೈನಲ್ ಆಡಿದರೆಂಬುದನ್ನು ಪ್ರಸ್ತುತ ವಿಷಯಕ್ಕೆ ಹೊರಗಾದರೂ ಹೇಳದಿರಲಾರೆ.)

ಈಗಿನ ಕ್ರಮ ಹೀಗಿದೆ. ಎಂಟು ಮಂದಿಯನ್ನು ನಾಲ್ವರಂತೆ ಎರಡು ಗುಂಪು ಮಾಡುತ್ತಾರೆ. ಪ್ರತಿಯೊಬ್ಬನೂ ತನ್ನ ಗುಂಪಿನ ಮೂವರೊಡನೆ ಆಡುತ್ತಾನೆ. ಪ್ರತಿ ಗುಂಪಿನ ಮೊದಲಿಬ್ಬರು ಸೆಮಿಫೈನಲ್ಲಿಗೆ. ಅಲ್ಲಿ ಒಂದು ಗುಂಪಿನ ಮೊದಲಿಗನಿಗೆ ಇನ್ನೊಂದು ಗುಂಪಿನ ಎರಡನೆಯವನು ಎದುರಾಳಿ. ಸೋತವನು ಹೊರಗೆ ಎಂಬ ನಿಯಮವಿದ್ದಿದ್ದರೆ ಎಂಟು ಮಂದಿಗೆ ಏಳು ಪಂದ್ಯ ಸಾಕಾಗುತ್ತಿತ್ತು. ಈ ಕ್ರಮದಲ್ಲಿ ಹದಿನೈದು. ಟಿಕೆಟು ಮಾರುವವರಿಗೆ ಇದರಿಂದಾಗುವ ಅನುಕೂಲವನ್ನು ನಾನು ವಿವರಿಸಬೇಕಾಗಿಲ್ಲ.

ಆದರೆ ಈ ಕ್ರಮದಲ್ಲೊಂದು ಬಿರುಕುಂಟು. ಸೆಮಿಫೈನಲ್ ಖಚಿತವಾದವನಿಗೆ ಕೊನೆಯ ಪಂದ್ಯವನ್ನು ಗೆಲ್ಲುವುದಕ್ಕಿಂತ ಸೋಲುವುದೇ ಲಾಭಕರವಾಗುವ ಸಂದರ್ಭ ಬರಬಹುದು. ಇದು ಕೇವಲ ತರ್ಕವಲ್ಲ. 1980ನೆಯ ಸಾಲಿನ ಪಂದ್ಯಾವಳಿ 1981ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ನಡೆದಾಗ, ಸ್ವೀಡನ್ನಿನ ಬೋರ್ಗ್ ಅವರು ತಮ್ಮ ಗುಂಪಿನಲ್ಲಿ ಎರಡನೆಯವರಾದರು. ಆದುದರಿಂದ ಮತ್ತೊಂದು ಗುಂಪಿನಲ್ಲಿ ಯಾರು ಮೊದಲಾಗುವರೋ ಅವರಿಗೆ ಸೆಮಿಫೈನಲ್ಲಿನಲ್ಲಿ ಬೋರ್ಗ್ ಎಂಬ ಬಹುಮಾನ ಕಾದಿತ್ತು! ಆ ಸ್ಥಾನಕ್ಕಾಗಿ ಕಾನರ್ಸ್ ಮತ್ತು ಲೆಂಡ್ಲ್ ಆಡಿದರು. ಲೆಂಡ್ಲ್ ಅವರು ಮೊದಲ ಸೆಟ್ಟನ್ನು 6-7ರಲ್ಲಿ ಕಳೆದುಕೊಂಡು ಎರಡನೆಯದನ್ನು 1-6ರಲ್ಲಿ ಬಿಟ್ಟುಕೊಟ್ಟರು. ಬೋರ್ಗರನ್ನು ತಪ್ಪಿಸಿಕೊಳ್ಳಲು ಬೇಕೆಂದೇ ಸೋತರೆಂದು ಕಾನರ್ಸ್ ಅವರು ಬಹಿರಂಗವಾಗಿ ಹೇಡಿಯೆಂದು ಜರೆದರು. ಕಡೆಗೆ ಬೋರ್ಗ್ ಅವರು ಸೆಮಿಫೈನಲ್ಲಿನಲ್ಲಿ ಕಾನರ್ಸ್ ಅವರನ್ನೂ ಫೈನಲ್ಲಿನಲ್ಲಿ ಲೆಂಡ್ಲ್ ಅವರನ್ನೂ ಸೋಲಿಸಿದರು.

ಇಲ್ಲಿ ಲೆಂಡ್ಲ್ ಅವರ ಮನಸ್ಸನ್ನು ಅಳೆಯುವುದು ನನ್ನ ಉದ್ದೇಶವಲ್ಲ. ಪ್ರಾಮಾಣಿಕವಾಗಿ ದಣಿದು ಸೋತವನಿಗೂ ಬೇಕೆಂದು ಸೋತವನಿಗೂ ಅಂಕಪಟ್ಟಿ ಒಂದೇ. ಪ್ರಾಮಾಣಿಕನ ಸೋಲನ್ನೂ ಸಂಶಯಕ್ಕೆ ಗುರಿಮಾಡುವ ನಿಯಮವು ಆಟಗಾರನಿಗೆ ಅನ್ಯಾಯ ಮಾಡಿದಂತೆಯೇ ಸರಿ. 1983ರ ಜನವರಿಯಿಂದ 1986ರ ಜನವರಿಯವರೆಗೆ ಗುಂಪುಗಳನ್ನೇ ತೆಗೆದುಹಾಕಿ, ಸೋತವನು ಹೊರಗೆ ಎಂಬ ಕ್ರಮದಲ್ಲಿ ಆಡಿಸಿದರು. 1986ರ ಡಿಸೆಂಬರಿನಲ್ಲಿ ಮತ್ತೆ ಗುಂಪುಗಳು ಬಂದವು. ಈಗ ಗುಂಪಿನ ಪ್ರತಿಯೊಂದು ಗೆಲುವಿಗೂ ಪ್ರತ್ಯೇಕ ಹಣವುಂಟು, 200 ಅಂಕಗಳುಂಟು. ಸೋಲಿನಲ್ಲಿ ಲಾಭವಿದ್ದರೆ ಗೆಲುವಿನ ಬೆಲೆಯನ್ನು ಏರಿಸು ಎಂಬುದು ನಮ್ಮ ಶಾಸ್ತ್ರದ ಹಳೆಯ ಔಷಧ. ಔಷಧ ಒಳ್ಳೆಯದೇ, ರೋಗ ಬೇರುಸಹಿತ ಹೋಗಿಲ್ಲ.

ಅದಕ್ಕೆ 2023ರ ಟ್ಯೂರಿನ್ ಪಂದ್ಯಾವಳಿಯೇ ಸಾಕ್ಷಿ. ಒಂದು ಗುಂಪಿನಲ್ಲಿ ಇಟಲಿಯ ಸಿನ್ನರ್, ಸರ್ಬಿಯದ ಜೊಕೊವಿಚ್, ಡೆನ್ಮಾರ್ಕಿನ ರೂನ್ ಮತ್ತು ಗ್ರೀಸಿನ ಸಿಟ್ಸಿಪಾಸ್ ಇದ್ದರು. ಸಿಟ್ಸಿಪಾಸ್ ಅವರು ನೋವಿನಿಂದ ನಡುವೆ ಹಿಂದೆ ಸರಿದಾಗ ಅವರ ಸ್ಥಾನಕ್ಕೆ ಪೋಲೆಂಡಿನ ಹುರ್ಕಾಚ್ ಬಂದರು. ಮೂವರು ಸಮಸಮವಾಗಿ ಗೆದ್ದರೆ, ಆಡಿದ ಸೆಟ್ಟುಗಳಲ್ಲಿ ಗೆದ್ದವು ಶೇಕಡಾ ಎಷ್ಟು ಎಂಬುದನ್ನು ನೋಡಬೇಕೆಂದು ನಿಯಮ. ಜೊಕೊವಿಚ್ ಅವರು ರೂನ್ ಅವರನ್ನು 2-1 ಸೆಟ್ಟುಗಳಿಂದ ಗೆದ್ದು, ಸಿನ್ನರ್ ಅವರಿಗೆ 1-2ರಿಂದ ಸೋತು, ಹುರ್ಕಾಚ್ ಅವರನ್ನು 2-1ರಿಂದ ಗೆದ್ದಿದ್ದರು. ಒಂಬತ್ತರಲ್ಲಿ ಐದು; ಶೇಕಡಾ 55.6. ಉಳಿದದ್ದು ಸಿನ್ನರ್ ಮತ್ತು ರೂನ್ ಅವರ ಪಂದ್ಯ. ಸಿನ್ನರ್ ಅವರು ಒಂದೂ ಸೆಟ್ಟು ಗೆಲ್ಲದೆ ಸೋತರೂ ಅವರದು ಏಳರಲ್ಲಿ ನಾಲ್ಕಾಗಿ ಶೇಕಡಾ 57.1 ಆಗುತ್ತಿತ್ತು. ಅರ್ಧದಲ್ಲೇ ನಿಂತ ಸಿಟ್ಸಿಪಾಸರ ಪಂದ್ಯ 2-0 ಎಂದೇ ಗಣನೆಯಾದುದರಿಂದ ರೂನ್ ಅವರದು ಇನ್ನೂ ಹೆಚ್ಚು. ಅಂದರೆ ಸಿನ್ನರ್ ಅವರ ಸೆಮಿಫೈನಲ್ ಸ್ಥಾನ ಭದ್ರ. ಅವರು ಸೋತರೆ ಮಾತ್ರ ಜೊಕೊವಿಚ್ ಹೊರಗೆ. ಆಗ ಜಗತ್ತಿನ ಮೊದಲನೆಯ ಸ್ಥಾನದಲ್ಲಿದ್ದ, ಈ ಪ್ರಶಸ್ತಿಯನ್ನು ಆಗಲೇ ಆರು ಬಾರಿ ಗೆದ್ದಿದ್ದ ಎದುರಾಳಿಯನ್ನು ರಾಕೆಟ್ಟು ಸಡಿಲಬಿಟ್ಟೇ ಮನೆಗೆ ಕಳುಹಿಸಬಹುದಾಗಿತ್ತು.

ಸಿನ್ನರ್ ಅವರು ಮೊದಲ ಸೆಟ್ಟನ್ನು 6-2ರಿಂದ ಗೆದ್ದರು. ಎರಡನೆಯದನ್ನು 5-7ರಲ್ಲಿ ಸೋತರು. ಅಲ್ಲಿಯೇ ಕೈಚೆಲ್ಲಿದ್ದರೆ ಯಾರೂ ಬೆರಳು ತೋರಿಸುವಂತಿರಲಿಲ್ಲ. ಕಾರಣಗಳು ಬೇಕಾದಷ್ಟು ಸಿಗುತ್ತಿದ್ದವು. ಮೂರನೆಯದನ್ನು ಅವರು 6-4ರಿಂದ ಗೆದ್ದರು. 200 ಅಂಕಗಳ ಆಸೆಯೂ ಇದ್ದಿರಬಹುದು ಎಂದು ನನ್ನ ಶಾಸ್ತ್ರ ಕಿವಿಯಲ್ಲಿ ಹೇಳುತ್ತದೆ. ಆದರೂ ಪಂದ್ಯಾವಳಿಯ ಪ್ರಶಸ್ತಿಯ ಮುಂದೆ ಅದು ಅಲ್ಪ ಕೂಲಿಯೆಂದೇ ನನ್ನ ಅಭಿಪ್ರಾಯ.

ಹೀಗೆ ಉಳಿದುಕೊಂಡ ಜೊಕೊವಿಚ್ ಅವರು ಸೆಮಿಫೈನಲ್ಲಿನಲ್ಲಿ ಅಲ್ಕರಾಜ್ ಅವರನ್ನು ಸೋಲಿಸಿ, ಫೈನಲ್ಲಿನಲ್ಲಿ ಅದೇ ಸಿನ್ನರ್ ಅವರನ್ನು ಅವರದೇ ದೇಶದ ಪ್ರೇಕ್ಷಕರೆದುರು 6-3, 6-3ರಿಂದ ಗೆದ್ದು ಏಳನೆಯ ಪ್ರಶಸ್ತಿ ಪಡೆದರು. ಸಿನ್ನರ್ ಅವರು 2024ರಲ್ಲಿಯೂ 2025ರಲ್ಲಿಯೂ ಅದೇ ಟ್ಯೂರಿನ್ನಿನಲ್ಲಿ ಒಂದು ಸೆಟ್ಟನ್ನೂ ಸೋಲದೆ ಪ್ರಶಸ್ತಿ ಗಳಿಸಿದರು. ಆ ಎರಡು ವರ್ಷಗಳಲ್ಲಿ ಅವರ ಪಾಲಿಗೆ ಶೇಕಡಾ ಲೆಕ್ಕದ ಅಗತ್ಯ ಬೀಳಲಿಲ್ಲ.